ಅಕ್ಕನ ಬಿಲ್ಲೆಯೂ ನನ್ನ ಪಾಲಿಶೂ

ನಮ್ಮಕ್ಕನಿಗೆ ಬೆಳಕು ಕಂಡರೆ ಆಗುವುದಿಲ್ಲ. ಆದರೆ ಬೆಳಕು ಮಾಡುವುದೇ ಅವಳ ಕಸುಬು!

ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಸುಳ್ಳು ಹೇಳಿದ ದಾಖಲೆ ನನ್ನ ಹೆಸರಿನಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಕ್ಕನ ವಿಷಯ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ರಜೆ ಸಿಕ್ಕಾಗ ತಾಂಡೂರಿನ ನಮ್ಮ ಮನೆಗೆ ಬರುತ್ತಾಳೆ. ಬಂದವಳು ಚಪ್ಪಲಿ ಬಿಡುವ ಮೊದಲೇ ಕಿಟಕಿ ಮುಚ್ಚುತ್ತಾಳೆ. ಬಾಗಿಲಿಗೆ ಅವ್ವನ ಕೌದಿ ತೂಗುಬಿಡುತ್ತಾಳೆ. ದೇವರ ದೀಪವೊಂದನ್ನು ಬಿಟ್ಟು ಮನೆಯ ಬೆಳಕೆಲ್ಲ ಆರುತ್ತದೆ. ಹೋದ ದೀಪಾವಳಿಗೆ ಓಣಿಯಲ್ಲಿ ಎಲ್ಲರ ಮನೆಯೂ ಝಗಝಗ ಅನ್ನುತ್ತಿರುವಾಗ ನಮ್ಮ ಮನೆ ಮಾತ್ರ ಬಾವಿಯ ಹಾಗೆ ಕಪ್ಪಗಿತ್ತು. ಪಕ್ಕದ ಮನೆಯಾಕೆ ಹೆದರಿ ಬಂದು ಅವ್ವನನ್ನು ಮೆಲ್ಲಗೆ ಕೇಳಿದಳು:

"ಯಾಕ್ರಿ, ಮನ್ಯಾಗ ಯಾರರ ಹೋಗ್ಯಾರೇನು?"

"ಇಲ್ಲ್ರಿ," ಅಂದಳು ಅವ್ವ. "ಮಗಳು ಬಂದಾಳ."

ಅಕ್ಕನ ಪ್ರಕಾರ ಮನುಷ್ಯರು ಕಣ್ಣಿಗೆ ಬರೀ ಬೆಳಕು ತಿನ್ನಿಸಿ ತಿನ್ನಿಸಿ ಅದಕ್ಕೆ ಅಜೀರ್ಣ ಮಾಡಿಟ್ಟಿದ್ದಾರೆ. ನಡುವೆ ಒಂದಿಷ್ಟು ಕತ್ತಲು ಕುಡಿಸಬೇಕಂತೆ. "ಕಣ್ಣು ಮುಚ್ಚು ತಮ್ಮಾ. ಕತ್ತಲಿ ಕುಡೀಲಿ. ನಾ ತೆಗಿ ಅಂದ ಮ್ಯಾಲ ತೆಗಿ. ಆಗ ನೋಡು, ಇಲ್ದಂಗ ಇದ್ದ ಬೆಳಕೂ ಕಾಣಸ್ತದ." ಇದು ಅವಳು ನನಗೆ ಬುದ್ಧಿ ತಿಳಿದಾಗಿನಿಂದ ಹೇಳುತ್ತ ಬಂದ ಮಾತು. ನಾನು ಒಂದು ಸಲವೂ ಪೂರ್ತಿ ಮುಚ್ಚಿದವನಲ್ಲ. ಯಾವಾಗಲೂ ರೆಪ್ಪೆಯ ಸಂದಿನಿಂದ ಕದ್ದು ನೋಡುವವನೇ.

ನಾವು ಚಿಕ್ಕವರಿದ್ದಾಗ ನಾರಾಯಣಖೇಡದಲ್ಲಿದ್ದೆವು. ಅಪ್ಪ ಅಲ್ಲಿಯ ಬಜಾರಿನಲ್ಲಿ ತೊಗರಿ ತೂಗುತ್ತಿದ್ದ. ಮನೆಯ ಹಿಂದೆ ಚೀಲ ಒಟ್ಟುವ ಒಂದು ಕೋಣೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ಹೊರಗೆ ಸುಡುವ ಬಿಸಿಲು, ಒಳಗೆ ತೊಗರಿಯ ವಾಸನೆಯ ತಂಪು ಕತ್ತಲೆ. ಒಂದು ಮಧ್ಯಾಹ್ನ ಅಕ್ಕ ದೇವರ ಜಗಲಿಯಿಂದ ಕಲ್ಲುಸಕ್ಕರೆ ಕದ್ದು, ನನ್ನ ಕೈ ಹಿಡಿದು ಆ ಕೋಣೆಗೆ ಎಳೆದೊಯ್ದಳು. ಚೀಲದ ಮೇಲೆ ಕೂರಿಸಿದಳು. ಎಷ್ಟೋ ಹೊತ್ತು ಕಣ್ಣು ಮುಚ್ಚಿಸಿದಳು. ಆಮೇಲೆ "ತೆಗಿ" ಅಂದು, ಬಾಯಿ ಅಗಲಿಸಿ ಕಲ್ಲುಸಕ್ಕರೆಯನ್ನು ಹಲ್ಲಿನಿಂದ ಕಟ್ ಎಂದು ಕಡಿದಳು.

ಅವಳ ಬಾಯಿಯೊಳಗೆ ನೀಲಿ ಮಿಂಚು!

ಸುಳ್ಳಲ್ಲ. ನೀವೂ ಮಾಡಿ ನೋಡಬಹುದು. ದೊಡ್ಡ ಹರಳು ಬೇಕು, ಬಾವಿಯಂಥ ಕತ್ತಲು ಬೇಕು. ಕೂದಲೆಳೆಯಷ್ಟು ನೀಲಿ ಬೆಳಕು ಬಂದು ಹೋಗುತ್ತದೆ. ಅಕ್ಕ ಇನ್ನೊಂದು ಕಡಿದಳು, ಮತ್ತೊಂದು ಕಡಿದಳು. "ಕಂಡ್ತೇನು? ಕಂಡ್ತೇನು?" ಅಂತ ಕುಣಿದಳು. ನಾನು "ಹೂಂ, ಹೂಂ" ಅನ್ನುತ್ತ, ಅವಳ ಲಂಗದ ಮೇಲಿದ್ದ ಉಳಿದ ಹರಳುಗಳನ್ನೆಲ್ಲ ಕತ್ತಲಲ್ಲಿ ಒಂದೊಂದಾಗಿ ನುಂಗಿದೆ. ಒಂದೇ ಕಲ್ಲುಸಕ್ಕರೆಯಲ್ಲಿ ಅವಳಿಗೆ ಬೆಳಕು ಕಂಡಿತು, ನನಗೆ ಸಕ್ಕರೆ ಕಂಡಿತು. ನಮ್ಮಿಬ್ಬರ ಹಣೆಬರಹ ಅಲ್ಲಿಯೇ ಬೇರೆಯಾಯಿತು.

ಅವಳು ಓದುತ್ತ ಓದುತ್ತ ಎಲ್ಲೆಲ್ಲಿಗೋ ಹೋದಳು. ನಾನು ಕಂಗ್ಟಿ ಕಡೆಯ ಸೋದರಮಾವನ ಮನೆಯಲ್ಲಿದ್ದು, ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಎಂಟಕ್ಕೆ ಶಾಲೆ ನನ್ನನ್ನು ಬಿಟ್ಟಿತೋ ನಾನು ಶಾಲೆಯನ್ನು ಬಿಟ್ಟೆನೋ, ಈಗ ಇಬ್ಬರಿಗೂ ನೆನಪಿಲ್ಲ. ಆಮೇಲೆ ತಾಂಡೂರಿಗೆ ಬಂದು ಕಲ್ಲು ಪಾಲಿಶಿನ ಕೆಲಸ ಕಲಿತೆ. ಈಗ ನನ್ನದೇ ಒಂದು ಸಣ್ಣ ಶೆಡ್ಡಿದೆ, ಒಂದೇ ಮಷಿನಿದೆ, ಹಿಂದೆಯೇ ಮನೆ. ನಮ್ಮೂರ ನೀಲಿಗಲ್ಲು ಗೊತ್ತಲ್ಲ? ಗಣಿಯಿಂದ ಬಂದಾಗ ಎಮ್ಮೆಯ ಮೈಯ ಹಾಗಿರುತ್ತದೆ. ನನ್ನ ಮಷಿನಿನ ಕೆಳಗೆ ನೀರು ಕುಡಿಯುತ್ತ ಒಂದು ಸುತ್ತು ತಿರುಗಿ ಬರಲಿ, ಅದರಲ್ಲಿ ನೀವು ತಲೆ ಬಾಚಿಕೊಳ್ಳಬಹುದು. ಪಾಲಿಶ್ ಅಂದರೆ ನಾನು, ನಾನು ಅಂದರೆ ಪಾಲಿಶ್. ಈ ಅಹಂಕಾರವನ್ನು ಇಲ್ಲಿಯೇ ಗುರುತು ಹಾಕಿಟ್ಟುಕೊಳ್ಳಿ.

ಅಕ್ಕನ ಕೆಲಸವೇನೆಂದು ನನಗೆ ತಿಳಿದದ್ದು ಅವ್ವನ ಒಲೆಯ ಮುಂದೆ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅಕ್ಕ ಹಿಟ್ಟಿನಲ್ಲಿ ಬೆರಳಾಡಿಸುತ್ತ ವಿವರಿಸಿದಳು.

"ಹಿಂಗೇ ಬೆಳ್ಳಗಿನ ಪುಡಿ ಇರ್ತದ ಅವ್ವಾ. ಲುಟೀಶಿಯಂ ಅಂತ ಒಂದು ಧಾತು, ಅದರ ಆಕ್ಸೈಡು. ವಿರಳ ಭಸ್ಮ ಅಂತಾರ ಅದರ ಬಳಗಕ್ಕ."

"ಭಸ್ಮ ಅಂದಿ? ವಿಭೂತಿ ಅನ್ನು ಹಂಗಾದ್ರ!" ಅವ್ವನಿಗೆ ಮಗಳ ಕೆಲಸದ ಮೇಲೆ ಒಮ್ಮೆಲೆ ಭಕ್ತಿ ಬಂದಿತು.

"ವಿಭೂತಿ ಅಲ್ಲ. ಅದಕ್ಕ ಬ್ಯಾಳಿಗಿ ಇಂಗು ಹಾಕಿದಂಗ ಯುರೋಪಿಯಂ ಅಂತ ಇನ್ನೊಂದು, ಚಿಟಿಕೀ ಅಷ್ಟೇ. ಒತ್ತಿ ಬಿಲ್ಲಿ ಮಾಡೂದು. ಭಟ್ಟಿನಾಗ ಸುಡೂದು. ಹೊರಗ ಬಂದ್ರ ಗಾಜಿನಂಗ ಆರಪಾರ ಕಾಣಬೇಕು."

"ಹಿಟ್ಟು ಸುಟ್ಟರ ಗಾಜ ಆಗ್ತದ?"

"ಆಗ್ತದ."

"ನನ್ನ ರೊಟ್ಟಿ ಸುಟ್ಟರ ಕರ್ರಗ ಆಗ್ತದಲ್ಲ?"

ಇಂಥ ಪ್ರಶ್ನೆಗೆ ಯಾವ ಪ್ರಯೋಗಾಲಯದಲ್ಲಿ ಉತ್ತರವಿದೆ! ಆ ಬಿಲ್ಲೆಯ ಹೆಸರು ಸಿಂಟಿಲೇಟರ್ ಅಂತೆ. ಎಕ್ಸ್‌ರೇಯಂಥ ಕಣ್ಣಿಗೆ ಕಾಣದ ಕಿರಣ ಬಂದು ತಾಗಿದರೆ ಅದು ಮಿಣುಕ್ ಎಂದು ಬೆಳಕು ಕೊಡುತ್ತದಂತೆ. ಕಾಣದ್ದು ಬಂದು ಬಾಗಿಲು ಬಡಿದರೆ ಕಾಣುವ ಹಾಗೆ "ಓ" ಅನ್ನುವ ಬಿಲ್ಲೆ. ಆದರೆ ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಬಿಲ್ಲೆ ಮೋಡ ಕವಿದ ಹಾಗೆ ಮಬ್ಬಾಗುತ್ತದೆ, ಕೆಲಸಕ್ಕೆ ಬಾರದು. ಹೀಗಾಗಿ ಗಾಳಿಗುಳ್ಳೆ ಅಕ್ಕನ ಹಗೆ. ಹಂಚಿನ ಮೇಲೆ ಅವ್ವನ ರೊಟ್ಟಿ ಬುಸ್ ಎಂದು ಉಬ್ಬಿದರೆ ನಾವೆಲ್ಲ ಬಾಯಿ ಚಪ್ಪರಿಸುತ್ತೇವೆ; ಅಕ್ಕ ಹೌಹಾರಿ ಚಮಚದಿಂದ ಅದನ್ನು ತಿವಿಯುತ್ತಾಳೆ! "ಅಯ್ಯ ಇಕಿನ, ಉಬ್ಬಿದ ರೊಟ್ಟಿ ಕಂಡ್ರ ಯಾಕ ಹೊಟ್ಟೀಕಿಚ್ಚು ನಿನಗ?" ಎಂದು ಅವ್ವ ಸೌಟು ಎತ್ತುತ್ತಾಳೆ.

ಅಕ್ಕನ ಚೀಲದಲ್ಲಿ ಯಾವಾಗಲೂ ಒಂದು ನೇರಳೆ ಬೆಳಕಿನ ಬ್ಯಾಟರಿ ಇರುತ್ತದೆ. ಅದರ ಬೆಳಕು ಕಣ್ಣಿಗೆ ಅರ್ಧವೇ ಕಾಣುತ್ತದೆ, ಉಳಿದರ್ಧ ಕಾಣುವುದಿಲ್ಲ. ಆ ಕಾಣದ ಅರ್ಧ ತಾಗಿದಾಗ ಕೆಲವು ವಸ್ತುಗಳು ತಾವಾಗಿಯೇ ಹೊಳೆಯುತ್ತವೆ. ಮನೆಯ ಯಾವ ವಸ್ತುವನ್ನೂ ಅವಳು ಬಿಟ್ಟಿಲ್ಲ. ಎಣ್ಣೆಯಲ್ಲಿ ಕದಡಿದ ಅರಿಶಿನ ಹೊಳೆಯಿತು. ನನ್ನ ಬಿಳಿ ಅಂಗಿ ಹೊಳೆಯಿತು. ಒಮ್ಮೆ ಬಶೀರಾಬಾದ್ ಕಡೆಯಿಂದ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಕರೆಂಟ್ ಹೋಗಿತ್ತು, ಕಿಟಕಿಗಳನ್ನು ಅಕ್ಕ ಮೊದಲೇ ಮುಚ್ಚಿದ್ದಳು. ಬಂದವರಿಗೆ ಬೇಸರವಾಗಬಾರದೆಂದು ಬ್ಯಾಟರಿ ಹಾಕಿದಳು. ಹುಡುಗ ನಕ್ಕ. ಅವನ ಹಲ್ಲೆಲ್ಲ ಬೆಳದಿಂಗಳ ಹಾಗೆ ಹೊಳೆದವು, ಮುಂದಿನದೊಂದು ಮಾತ್ರ ಕಪ್ಪಗೆ ತೂತಿನಂತೆ ಕಂಡಿತು!

"ಅದು ಕಟ್ಟಿಸಿದ್ದಲ್ಲೇನ್ರಿ? ಕಟ್ಟಿಸಿದ ಹಲ್ಲು ಹೊಳಿಯೂದಿಲ್ಲ," ಅಂದಳು ಅಕ್ಕ, ಬಹಳ ಸಂತೋಷದಿಂದ.

ಗಂಡಿನವರು ಮಂಡಕ್ಕಿಯ ಸುಸಲಾ ತಿನ್ನದೆಯೇ ಎದ್ದರು. ಅವ್ವ ಹಣೆ ಹಣೆ ಬಡಿದುಕೊಂಡಳು. ಅಕ್ಕನಿಗೆ ಒಂದಿಷ್ಟೂ ದುಃಖವಿಲ್ಲ. "ಹಲ್ಲಿಂದೇನದ ತಮ್ಮಾ? ನಮ್ಮ ಅಪ್ಪಂದೂ ಕಟ್ಟಿಸಿದ್ದೇ ಇತ್ತು. ಕತ್ತಲ್ಯಾಗ ಸುಮ್ಮ ಕೂಡ್ರಿ ಅಂದ್ರ ಅಂವ ಮತ್ತ ಮತ್ತ ಫೋನ್ ತಗದು ನೋಡಿದ. ಅಂಥವನ ಜೋಡಿ ಹ್ಯಾಂಗ ಬಾಳೂದು?"

ಆದರೆ ಶೆಡ್ಡಿನಲ್ಲಿ ಅವಳಿಗಿರುವ ಮರ್ಯಾದೆ ನನಗಿಲ್ಲ. ಕಲ್ಲಿನ ಚಪ್ಪಡಿಗಳ ಸಂದಿನಲ್ಲಿ ಚೇಳು ಕೂತಿರುತ್ತವೆ. ಕೈ ಹಾಕುವ ಹಮಾಲರಿಗೆ ಕಚ್ಚಿಸಿಕೊಂಡೇ ರೂಢಿ. ಒಂದು ಸಂಜೆ ಅಕ್ಕ ಸುಮ್ಮನೆ ಆ ಬ್ಯಾಟರಿಯನ್ನು ಚಪ್ಪಡಿಯ ಸಾಲಿನ ಮೇಲೆ ಆಡಿಸಿದಳು. ಸಂದಿನಲ್ಲಿ ಒಂದು ಚೇಳು, ಹಸಿರಾಗಿ, ರೇಡಿಯಂ ಮುಳ್ಳಿನ ಗಡಿಯಾರದಂತೆ ಹೊಳೆಯಿತು! ಹಮಾಲರು ಚೀರಿ ಹಿಂದೆ ಹಾರಿದರೆ ಅಕ್ಕ ಮಾತ್ರ ಮುಂದೆ ಬಾಗಿ, "ಎಷ್ಟ್ ಚಂದ ಅದ ನೋಡು! ಅದಕ್ಕ ತಾ ಹೊಳೀತೀನಿ ಅಂಬೂದು ಗೊತ್ತೇ ಇಲ್ಲ, ಪಾಪ," ಅಂದಳು. ಚೇಳಿಗೆ ಪಾಪ ಅಂದವರನ್ನು ನೀವು ಕಂಡಿದ್ದೀರಾ? ಅಂದಿನಿಂದ ಅವಳು ಊರಲ್ಲಿದ್ದರೆ ಹಮಾಲರು "ಅಕ್ಕೋರ, ಒಂದಿಷ್ಟು ಬ್ಯಾಟ್ರಿ ಬಿಡ್ರಿ" ಅನ್ನದೆ ಚಪ್ಪಡಿ ಮುಟ್ಟುವುದಿಲ್ಲ.

ಇನ್ನು ನನ್ನ ಮಾತಿಗೆ ಬರುತ್ತೇನೆ. ನಗುತ್ತ ನಗುತ್ತ ತಪ್ಪಿಸಿಕೊಳ್ಳೋಣವೆಂದು ಇಷ್ಟು ಹೊತ್ತು ನೋಡಿದೆ, ಆಗಲಿಲ್ಲ.

ಆ ದೀಪಾವಳಿಗೆ ಅಕ್ಕ ಒಂದು ಸಣ್ಣ ಡಬ್ಬಿ ತಂದಿದ್ದಳು. ಒಳಗೆ ಹತ್ತಿ, ಹತ್ತಿಯೊಳಗೆ ಒಂದು ಬಿಲ್ಲೆ. ಕೋಟಿನ ಗುಂಡಿಯಷ್ಟು ದೊಡ್ಡದು. ಅದಕ್ಕೆ ಮುಂಚೆ ಅವಳು ಸುಟ್ಟ ಬಿಲ್ಲೆಗಳೆಲ್ಲ ಮಬ್ಬಾಗಿಯೇ ಬಂದಿದ್ದವು. ವರ್ಷಗಟ್ಟಲೆ ಸುಟ್ಟ ಮೇಲೆ ಇದೊಂದು ಒಳಗೆಲ್ಲ ತಿಳಿಯಾಗಿ ಬಂದಿತ್ತು. ಅವ್ವನಿಗೆ ತೋರಿಸಿ ತರುತ್ತೇನೆಂದು ಪ್ರಯೋಗಾಲಯದ ದೊಡ್ಡವರ ಕೈಕಾಲು ಹಿಡಿದು ತಂದಿದ್ದಳು. ಕತ್ತಲಲ್ಲಿ ನೇರಳೆ ಬ್ಯಾಟರಿ ಹಿಡಿದರೆ ಬಿಲ್ಲೆ ಕೆಂಪಗೆ, ದಾಳಿಂಬೆಯ ಕಾಳಿನ ಹಾಗೆ ಹೊಳೆಯಿತು. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದರಿಂದ ನಮಗೇನರ ಆಗ್ತದೇನ್ರಿ ಅಕ್ಕಾ?" ಅಂದಳು. "ಇದು ಕಿರಣ ಬಿಡೂದಲ್ಲವ್ವ, ಹಿಡಿಯೂದು," ಎಂದು ಅಕ್ಕ ನಕ್ಕಳು. ಅವ್ವ ಮಾತ್ರ ಏನೂ ಕೇಳಲಿಲ್ಲ. ಬಿಲ್ಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ದೇವರ ಜಗಲಿಯ ಮೇಲಿಟ್ಟು, ಅದರ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದುಬಿಟ್ಟಳು!

"ಅವ್ವಾ! ಅದಕ್ಕ ಧೂಳ ಹತ್ತಬಾರ್ದು!"

"ಭಸ್ಮಕ್ಕ ಭಸ್ಮ ಹಚ್ಚಿದ್ರ ಏನಾಗ್ತದ?"

ಅಕ್ಕ ಅದನ್ನು ಒರೆಸಿ ಒರೆಸಿ ಡಬ್ಬಿಗೆ ಹಾಕಿದಳು. ಅವ್ವ ಮರುದಿನ ಮತ್ತೆ ತೆಗೆದು ಜಗಲಿಗೆ ಇಟ್ಟಳು, ಪೂಜೆ ಮುಗಿಸಿ ತಿರುಗಿ ಡಬ್ಬಿಯಲ್ಲಿಟ್ಟಳು. ಇದು ನಡೆದೇ ಇತ್ತು. ಬಿಲ್ಲೆಯ ಒಳಗು ತಿಳಿಯಾಗಿದ್ದರೂ ಮೈ ಇನ್ನೂ ತರಿತರಿಯಾಗಿತ್ತು. "ಸೋಮವಾರ ಹೋಗಿ ಪಾಲಿಶ್ ಮಾಡಿಸ್ಬೇಕು. ಅದಾದ ಮ್ಯಾಲ ಎಲ್ಲಾರ ಮುಂದ ಇಡೂದು," ಅಂದಳು ಅಕ್ಕ.

ಪಾಲಿಶ್! ತಾಂಡೂರಿನಲ್ಲಿ ಕೂತು, ನನ್ನ ಎದುರಿಗೆ, ಬೇರೆ ಊರಿಗೆ ಹೋಗಿ ಪಾಲಿಶ್ ಮಾಡಿಸುವ ಮಾತು!

"ಅದ್ಯಾಕ ಅಲ್ಲಿ? ನಾ ಇಲ್ಲೇನು?" ಅಂದೆ.

ಅಕ್ಕ ಗಲ್ಲ ಹಿಂಡಿದಳು. "ನಿಂದು ಎಮ್ಮಿ ಮೈ ತೊಳಿಯೂ ಮಷಿನ್ ತಮ್ಮಾ. ಇದು ಕೂಸು."

ತಮಾಷೆಗೆ ಅಂದದ್ದು. ನನಗೆ ಅದು ಚೇಳಿನ ಹಾಗೆ ಕಚ್ಚಿತು. ಮನೆಯಲ್ಲಿ ಹುಟ್ಟಿದಾಗಿನಿಂದ ಅಕ್ಕನ ತಲೆ, ಅಕ್ಕನ ಓದು, ಅಕ್ಕನ ಬಿಲ್ಲೆ. ಅದರಲ್ಲಿ ನನ್ನದೂ ಒಂದು ಬೆರಳ ಗುರುತು ಇರಲಿ ಅಂತ ಆಸೆ ಹುಟ್ಟಿತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಡಬ್ಬಿ ತೆರೆದು ಬಿಲ್ಲೆ ತೆಗೆದುಕೊಂಡು ಶೆಡ್ಡಿಗೆ ಹೋದೆ. ಒಂದು ಚಪ್ಪಡಿಯ ಚೂರಿಗೆ ಅರಗು ಕಾಯಿಸಿ ಬಿಲ್ಲೆ ಅಂಟಿಸಿದೆ. ಮಷಿನ್ನಿಗೆ ಅತಿ ನುಣ್ಣನೆಯ ಉಜ್ಜುಗಲ್ಲು ಹಾಕಿದೆ. ನೀರು ಬಿಟ್ಟೆ. ಕೂಸಿಗೆ ಎರೆಯುವ ಹಾಗೆ ಮೆಲ್ಲಗೆ ಇಳಿಸಿದೆ.

ದೇವರಾಣೆ, ಮೊದಲು ಸರಿಯಾಗಿಯೇ ನಡೆಯಿತು. ಎತ್ತಿ ನೋಡಿದರೆ ಬಿಲ್ಲೆಯ ಮೈ ತಿಳಿನೀರಾಗಿತ್ತು. ಅದರಲ್ಲಿ ನನ್ನ ಮುಖ ಕಂಡಿತು. ಅಷ್ಟು ಚಂದವಾಗಿ ನಾನು ಯಾವ ಕನ್ನಡಿಯಲ್ಲೂ ಕಂಡಿರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಂದು ಸುತ್ತು, ಒಂದೇ ಒಂದು ಸುತ್ತು ಅಂತ ಮತ್ತೆ ಇಳಿಸಿದೆ. ಟಣ್ ಎಂದಿತು. ಬಿಲ್ಲೆ ಚೂರಾಗಿ ಸಿಡಿದು, ಬೂದುಬಣ್ಣದ ನೀರಿನೊಡನೆ ಕೆಸರಿನ ಹೊಂಡಕ್ಕೆ ಹರಿದು ಹೋಯಿತು.

ನಾನು ಖಾಲಿ ಡಬ್ಬಿಗೆ ಹತ್ತಿ ತುರುಕಿ, ಇದ್ದಲ್ಲಿಯೇ ಇಟ್ಟು, ಅಕ್ಕ ಏಳುವ ಮೊದಲೇ ಹೋಗಿ ಮಲಗಿದವರ ನಡುವೆ ಮಲಗಿದೆ.

ಸಂಜೆ ಹುಡುಕಾಟ ಶುರುವಾಯಿತು. ನಾನೂ ಹುಡುಕಿದೆ! ಎಲ್ಲರಿಗಿಂತ ಹೆಚ್ಚು ಹುಡುಕಿದೆ. ಕಸಬರಿಗೆ ಹಿಡಿದು ಮಂಚದ ಕೆಳಗೆ ತೆವಳಿದೆ. ಹಿಟ್ಟಿನ ಡಬ್ಬ ಸುರಿದು ಜರಡಿ ಹಿಡಿದೆ. ಕೊನೆಗೆ ಎಲ್ಲರ ಕಣ್ಣೂ ಜಗಲಿಯ ಕಡೆಗೆ, ಅಲ್ಲಿಂದ ಅವ್ವನ ಕಡೆಗೆ ತಿರುಗಿದವು. ಯಾರೂ ಬೈಯಲಿಲ್ಲ. ಅಕ್ಕ ಮೆಲ್ಲಗೆ ಕೇಳಿದಳು: "ಅವ್ವಾ, ಪೂಜಾ ಆದ ಮ್ಯಾಲ ತಿರುಗಿ ಡಬ್ಬಿನಾಗ ಇಟ್ಟಿದ್ದೇನು?"

"ಇಟ್ಟೀನಿ," ಅಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ಇಟ್ಟಿದ್ದೆ ಅನಸ್ತದ," ಅಂದಳು. ಮತ್ತೂ ಸ್ವಲ್ಪ ಹೊತ್ತಿಗೆ, "ಹೂವಿನ ಜೋಡಿ ಬಾವ್ಯಾಗ ಹಾಕಿದ್ನೋ ಏನೋ. ನೆಪ್ಪಿಲ್ಲವ್ವ," ಎಂದು ಅಳತೊಡಗಿದಳು.

ಆಗ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ. "ಹೋಗ್ಲಿ ಬಿಡ್ರಿ, ಅಕಿಗಿ ವಯಸ್ಸಾಗ್ಯಾದ," ಅಂದೆ.

ಅಕ್ಕ ಖಾಲಿ ಡಬ್ಬಿ ತೆಗೆದುಕೊಂಡು ಬಸ್ಸು ಹತ್ತಿದಳು. ನಾನು ಹಮಾಲರಿಗೂ ಹೇಳದೆ ಹೊಂಡದ ಕೆಸರನ್ನೆಲ್ಲ ನಾನೇ ಎತ್ತಿ, ತಗ್ಗಾಗಿದ್ದ ಅಂಗಳಕ್ಕೆ ಹರಡಿ, ಕಾಲಿಂದ ತುಳಿದು ಗಟ್ಟಿ ಮಾಡಿದೆ. ಅದರ ಮೇಲೆ ಅವ್ವ ದಿನಾ ಬೆಳಿಗ್ಗೆ ಸಗಣಿ ಸಾರಿಸಿ ರಂಗೋಲಿ ಹಾಕತೊಡಗಿದಳು. ಹಾಕಿ ಒಳಗೆ ಬಂದವಳು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೊರಗೆ ಹೋಗಿ ನೋಡಿ ಬರುತ್ತಿದ್ದಳು. ಸಾರಿಗೆ ಉಪ್ಪು ಹಾಕಿದ್ದರ ಮೇಲೆ ನಂಬಿಕೆಯಿಲ್ಲದೆ ಇನ್ನೊಮ್ಮೆ ಹಾಕುತ್ತಿದ್ದಳು. ನಾವು ಉಪ್ಪುಪ್ಪಾದ ಸಾರು ಸುಮ್ಮನೆ ಉಣ್ಣುತ್ತಿದ್ದೆವು. ನಾನು ಎರಡನೆಯ ಸಲವೂ ಬಡಿಸಿಕೊಂಡು ಉಣ್ಣುತ್ತಿದ್ದೆ.

ಎಳ್ಳಮಾಸಿ ಹಬ್ಬದ ಹೊತ್ತಿಗೆ ಹೆಂಡತಿ ಅಂದಳು: "ಅತ್ತಿಯವರ ತಲಿ ಒಮ್ಮಿ ಸ್ಕ್ಯಾನ್ ಮಾಡಿಸ್ರಿ." ಅಕ್ಕನಿಗೆ ಫೋನು ಹೋಯಿತು. ಅಕ್ಕ ಸ್ಕ್ಯಾನಿನ ಯಂತ್ರವನ್ನು ಅಳಿಯನನ್ನು ಆರಿಸುವ ಹಾಗೆ ಆರಿಸಿದಳು. ಮನೆತನ ವಿಚಾರಿಸಿದಳು, ಒಳಗೆ ಎಂಥ ಬಿಲ್ಲೆಗಳಿವೆ ಎಂದು ಕೇಳಿದಳು. ಜಹೀರಾಬಾದಿನ ಒಂದು ಯಂತ್ರ ಒಪ್ಪಿಗೆಯಾಯಿತು. ನಾನು ಅವ್ವನನ್ನು ಕರೆದುಕೊಂಡು ತಾಂಡೂರಿನಿಂದ ಬಸ್ಸಿನಲ್ಲಿ ಹೋದೆ, ಅಕ್ಕ ಹೈದರಾಬಾದಿನಿಂದ ನೇರ ಬಂದಳು.

ಸ್ಕ್ಯಾನಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅಕ್ಕ ಅವ್ವನಿಗೆ ಧೈರ್ಯ ಹೇಳುತ್ತಿದ್ದಳು. "ದೊಡ್ಡ ಕೈಬಳಿ ಇದ್ದಂಗ ಇರ್ತದ ಅವ್ವಾ. ಒಂದು ಕಡಿಂದ ಎಕ್ಸ್‌ರೇ ಬಿಡ್ತಾರ. ನಿನ್ನ ತಲಿ ದಾಟಿ ಆ ಕಡಿ ಬಂದಿದ್ದು ಬಿಲ್ಲಿಗಳಿಗಿ ತಾಗ್ತದ. ಅವು ಮಿಣಮಿಣ ಅಂತಾವ. ಎಲ್ಲಿ ಹೆಚ್ಚು, ಎಲ್ಲಿ ಕಡಿಮಿ ನೋಡಿ ಚಿತ್ರ ತಗೀತಾರ."

"ನಿನ್ನ ಬಿಲ್ಲಿ ಅಂಥವೇ?"

"ಅದರ ಅಕ್ಕತಂಗೇರು."

"ಅಂದ್ರ ನಾ ಕಳದದ್ದು ಯಾವುದೋ, ಅದೇ ನನ್ನ ತಲ್ಯಾಗ ಇಣುಕಿ ನೋಡ್ತದಂದಂಗಾತು," ಅಂದು ಅವ್ವ ನಕ್ಕಳು. ಆ ನಗುವಿಗೆ ಶಬ್ದವಿರಲಿಲ್ಲ.

ಯಂತ್ರದ ಹುಡುಗ ಬಂದು ಕಿವಿಯದು, ಕೊರಳಿನದು, ಲೋಹದ್ದೆಲ್ಲ ತೆಗೆಯಬೇಕು ಅಂದ. ಅವ್ವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವಳ ಇಷ್ಟಲಿಂಗ. ಜಳಕಕ್ಕೂ ಮೈಮೇಲಿಂದ ಇಳಿಸುವುದಲ್ಲ ಅದು. ಅವ್ವ ಜಗಳವಾಡುತ್ತಾಳೆ, ಹುಡುಗನನ್ನು ಬೈದು ಎದ್ದು ಬರುತ್ತಾಳೆ ಅಂದುಕೊಂಡೆ. ಹಾಗೆ ಬೈದಿದ್ದರೆ ನಾನು ಇವತ್ತಿಗೂ ಸುಮ್ಮನೆ ಇರುತ್ತಿದ್ದೆನೋ ಏನೋ. ಅವ್ವ ಶಿವದಾರವನ್ನು ತಾನೇ ತಲೆಯ ಮೇಲಿಂದ ಎತ್ತಿ ತೆಗೆದಳು. ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು, ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ನೀ ಹಿಡಕೋಪ್ಪ. ನಾ ಆದ್ರ ಕಳೀತೀನಿ."

ಕರಡಿಗೆ ಅವಳ ಮೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು.

"ಅವ್ವಾ," ಅಂದೆ. "ನೀ ಏನೂ ಕಳದಿಲ್ಲ."

"ಏನಂತೀ?"

"ಬಿಲ್ಲಿ ನಾ ಒಯ್ದಿದ್ದೆ. ಮಷಿನ್ನಿಗಿ ಹಚ್ಚಿದೆ. ಒಡೀತು. ನೀ ಡಬ್ಬಿನಾಗ ಇಟ್ಟಿದ್ದಿ ಅವ್ವಾ, ಇಟ್ಟಲ್ಲೇ ಇತ್ತು ಅದು."

ಕೋಣೆಯಲ್ಲಿ ಯಂತ್ರ ಗುಂಯ್ ಅನ್ನುತ್ತಿತ್ತು. ಅಕ್ಕ ನನ್ನನ್ನೇ ನೋಡಿದಳು. ಅವ್ವ ನನ್ನ ಮುಂಗೈ ಹಿಡಿದಳು. ಕಪಾಳಕ್ಕೆ ಬಿಗಿಯುತ್ತಾಳೆಂದು ಕಣ್ಣು ಮುಚ್ಚಿದೆ.

"ಹೂವಿನ ಬುಟ್ಟಿ ಬಲಗಡಿ, ಡಬ್ಬಿ ಎಡಗಡಿ. ನಾ ಡಬ್ಬಿ ಮುಚ್ಚಿ, ಮ್ಯಾಲ ಹತ್ತಿ ಎಳಿ ಅಂಟಿತ್ತು ಅಂತ ಊದಿದ್ದೆ. ಅದು ಖರೇ ಏನು?"

"ಖರೇ ಅವ್ವಾ."

"ಅಂದ್ರ ನನ್ನ ನೆಪ್ಪು ಸರಿ ಅದ!"

ಅವಳ ಮುಖದಲ್ಲಿ ಅದೆಂಥ ಬೆಳಕು ಬಂತೆಂದು ನಾನು ಹೇಗೆ ಹೇಳಲಿ? ನನ್ನ ಮೇಲೆ ಸಿಟ್ಟು ಮಾಡಬೇಕೆಂಬುದನ್ನೇ ಅವಳು ಮರೆತಿದ್ದಳು. ಅದಕ್ಕಿಂತ ಹೊಡೆದಿದ್ದರೆ ಹಗುರಾಗುತ್ತಿತ್ತು. ಕರಡಿಗೆ ಕಿತ್ತುಕೊಂಡು ಕೊರಳಿಗೆ ಹಾಕಿ, "ನಡೀರಿ ಮನಿಗಿ," ಎಂದು ಎದ್ದಳು.

"ಅಮ್ಮಾ, ಸ್ಕ್ಯಾನು?" ಅಂದ ಯಂತ್ರದ ಹುಡುಗ.

"ನನ್ನ ಮಗಂದು ಮಾಡ್ರಿ," ಅಂದಳು ಅವ್ವ. "ತಲ್ಯಾಗ ಏನರ ಅದನೋ ಇಲ್ಲೋ ನೋಡಿ ಹೇಳ್ರಿ!"

ತಾಂಡೂರಿನ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತು, ಹಾದುಹೋಗುವ ಊರುಗಳ ಹೆಸರನ್ನೆಲ್ಲ ಸಣ್ಣ ಹುಡುಗಿಯ ಹಾಗೆ ಒಂದೂ ತಪ್ಪದೆ ಹೇಳುತ್ತ ಬಂದಳು. ಅಕ್ಕ ನನ್ನ ಮಗ್ಗುಲಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಹೊರಗೆ ತೊಗರಿಯ ಹೊಲಗಳು ಸಂಜೆಯೊಳಗೆ ಕರಗುತ್ತಿದ್ದವು. ಅವಳು ಕಣ್ಣಿಗೆ ಕತ್ತಲು ಕುಡಿಸುತ್ತಿದ್ದಾಳೋ, ಕಣ್ಣೀರು ತಡೆಯುತ್ತಿದ್ದಾಳೋ ಗೊತ್ತಾಗಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಅಂಗಳದಲ್ಲಿ ಕಾಲಿಟ್ಟ ಮೇಲೆ ಅಕ್ಕ ಮೊದಲ ಸಲ ಬಾಯಿ ಬಿಟ್ಟಳು.

"ಕೆಸರು ಏನ್ ಮಾಡ್ದಿ?"

ನಾನು ಕಾಲ ಕೆಳಗೆ ಬೆರಳು ತೋರಿಸಿದೆ.

ಅವಳು ಒಳಗಿದ್ದ ನನ್ನ ಹೆಂಡತಿಗೆ ದೀಪ ಆರಿಸಲು ಹೇಳಿದಳು. ಚೀಲದಿಂದ ಬ್ಯಾಟರಿ ತೆಗೆದಳು. ಬೂದುಬಣ್ಣದ ಅಂಗಳದ ಮೇಲೆ ನೇರಳೆ ಬೆಳಕು ತೆವಳುತ್ತ ಹೋಯಿತು. ಅವ್ವನ ರಂಗೋಲಿ ದಾಟಿತು. ತುಳಸಿಕಟ್ಟೆಯ ಹತ್ತಿರ ಒಂದು ಕಡೆ ನಿಂತಿತು. ಅಲ್ಲಿ ಒಂದು ಕೆಂಪು ಕಿಡಿ. ಅದರಾಚೆ ಇನ್ನೊಂದು. ರಂಗೋಲಿಯ ಎಳೆಯೊಳಗೆ ಸಾಸಿವೆಯಷ್ಟು ಮತ್ತೊಂದು.

"ಅಯ್ಯ ನನ್ನ ಶಿವನೇ," ಅಂದಳು ಅವ್ವ. "ನಾ ದಿನಾ ಇದರ ಮ್ಯಾಲೇ ಸಾರಿಸ್ತಿದ್ದೆನೇನು?"

ನಾನು ತುಳಿದು ಮುಚ್ಚಿದ್ದೆಲ್ಲ ಮಲಗಿದಲ್ಲಿಂದಲೇ "ಓ" ಅನ್ನುತ್ತಿತ್ತು.

ಅಕ್ಕ ನೆಲಕ್ಕೆ ಕೂತಳು. ಕೂದಲ ಪಿನ್ನಿನಿಂದ ಒಂದು ಚೂರನ್ನು ಕೆದರಿ ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಅದರ ಒಂದು ಮೈ ಇನ್ನೂ ನುಣುಪಾಗಿತ್ತು. ಬೆರಳಿನಿಂದ ಸವರಿದಳು, ಮತ್ತೆ ಸವರಿದಳು.

"ಒಡಿಯೂಕಿಂತ ಮೊದಲ ಎತ್ತಿ ನೋಡಿದ್ದೇನು?" ಎಂದು ಕೇಳಿದಳು.

"ನೋಡಿದ್ದೆ."

"ಹ್ಯಾಂಗಿತ್ತು?"

"ನನ್ನ ಮುಖ ಕಂಡಿತ್ತು ಅಕ್ಕಾ, ಅದರಾಗ."

ಅವಳು ಆ ಚೂರನ್ನು ಜೋಪಾನವಾಗಿ ಚೀಲಕ್ಕೆ ಹಾಕಿದಳು. ಆಮೇಲೆ ಬ್ಯಾಟರಿ ಆರಿಸಿದಳು. ಕತ್ತಲಲ್ಲಿ ಅವಳ ಕೈ ನನ್ನ ಕೈ ಹುಡುಕಿ ಬಂದು, ಹಿಡಿದು ಪಕ್ಕದಲ್ಲಿ ಕೂರಿಸಿತು. ತೊಗರಿ ಚೀಲದ ಮೇಲೆ ಕೂರಿಸಿದ್ದಳಲ್ಲ, ಹಾಗೆಯೇ.

"ಸಣ್ಣ ಸಣ್ಣ ಚೂರು ಇನ್ನೂ ಇರ್ತಾವ. ಆರಿಸೋಣು. ಮೊದಲ ಕಣ್ಣು ಮುಚ್ಚು. ಕತ್ತಲಿ ಕುಡೀಲಿ."

ಮುಚ್ಚಿದೆ. ರೆಪ್ಪೆಯ ಸಂದಿನಿಂದ ನೋಡಲಿಲ್ಲ. ಅವ್ವನ ಬಳೆಯ ಸದ್ದು ಕೇಳಿತು, ಅವಳೂ ಬಂದು ಇನ್ನೊಂದು ಮಗ್ಗುಲಿಗೆ ಕೂತಳು.

ಎಷ್ಟೋ ಹೊತ್ತಿನ ಮೇಲೆ ಅಕ್ಕ "ತೆಗಿ" ಅಂದಳು. ನಾನು ಇನ್ನೂ ಸ್ವಲ್ಪ ಹೊತ್ತು ಮುಚ್ಚಿಕೊಂಡೇ ಇದ್ದೆ.